ಕೋಟೆಯೊಳಗೆ ಅಕ್ಕಿ ಎಷ್ಟುಂಟು?

ಅಲ್ಲ ಅನಘಾ, ‘ಅರಸನು ಇಕ್ಕೇರಿಯ ಸೈನ್ಯದೊಡನೆ ಹೋರಾಡಿ ವೀರಮರಣ ಹೊಂದಿದನು’ ಅಂತ ನಿನ್ನ ಶಾಲೆಯ ಪ್ರಾಜೆಕ್ಟಿಗೆ ಈಗಲೇ ಪೆನ್ನಲ್ಲಿ ಬರಿಬೇಡ, ಪೆನ್ಸಿಲಲ್ಲಿ ಬರಿ, ಯಾಕಂದ್ರೆ ಅವ ಹೋರಾಡಿದ್ದು ಹೌದಾ ಅಲ್ವಾ ಅಂತ ಹುಡುಕ್ಲಿಕ್ಕೆ ಹೋಗಿಯೇ ನನ್ನ ಮೊದಲನೇ ಕೆಲಸ ಹೋಗ್ಲಿಕ್ಕೆ ಆದದ್ದು. ಹೋಗ್ಲಿಕ್ಕೆ ಆದದ್ದು ಅಂದೆ, ಹೋಯ್ತು ಅನ್ಲಿಲ್ಲ, ಸರಿಯಾಗಿ ಕೇಳು. ಕಿಟ್ಟು, ನೀನೂ ಅಕ್ಕನ ಹತ್ರ ಕೂತ್ಕೊ, ಆ ಬಾಲ್ ಕೆಳಗಿಡು. ಇದನ್ನು ನಿಮ್ಮ ಅಜ್ಜ ಹೇಳಿದ್ರೆ ಚಂದ, ಅವರು ಒಬ್ಬೊಬ್ಬರಿಗೆ ಒಂದೊಂದು ಸ್ವರ ಮಾಡಿ ಹೇಳ್ತಿದ್ರು, ನನಗೆ ಇರುವುದು ಒಂದೇ ಸ್ವರ. ಇರ್ಲಿ. ಈಗ ನಾನೇ ಹೇಳ್ಬೇಕಷ್ಟೆ.

ಅರಸ ಅಂದ್ರೆ ದೊಡ್ಡ ಅರಸ ಅಂತ ತಿಳ್ಕೊಳ್ಬೇಡಿ. ಕುಂಬಳೆಯ ಅರಸರ ಕೆಳಗೆ ಅಲ್ಲಲ್ಲಿ ಸಣ್ಣ ಸಣ್ಣವರು ಇದ್ರು. ಒಂದು ಬೀಡು, ಬೀಡು ಅಂದ್ರೆ ಅವರ ದೊಡ್ಡ ಮನೆ, ಸುತ್ತ ಒಂದು ಮಣ್ಣಿನ ಕೋಟೆ, ಕೆಳಗೆ ಒಂದು ಬೈಲು ಗದ್ದೆ, ಅಷ್ಟೇ ರಾಜ್ಯ. ಈಚೆ ಇಷ್ಟು. ಆಚೆ ಇಕ್ಕೇರಿಯವರು, ಘಟ್ಟದ ಮೇಲಿಂದ ಇಳಿದು, ಒಂದೊಂದೇ ಸೀಮೆ ನುಂಗ್ತಾ ಸಮುದ್ರದವರೆಗೆ ಬಂದವರು. ನಾವು ಬೇಕಲಕ್ಕೆ ಹೋಗಿದ್ದೆವಲ್ಲ, ಕಿಟ್ಟು ಐಸ್‌ಕ್ರೀಮ್ ಬೀಳಿಸಿ ಅತ್ತದ್ದು, ಆ ಕೋಟೆ ಅವರು ಕಟ್ಟಿಸಿದ್ದು ಅಂತ ಹೇಳ್ತಾರೆ. ಅಂಥವರ ದಂಡು ಬಂದು ಒಂದು ಮಣ್ಣಿನ ಕೋಟೆಯ ಬುಡದಲ್ಲಿ ಕೂತ್ರೆ ಎಂತ ಆಗಿರ್ಬಹುದು? ಅದೇ ಪ್ರಶ್ನೆ. ಆನೆ ಇತ್ತಾ ಅಂತ ಕೇಳ್ತಾನೆ ನೋಡು ಇವ! ಇತ್ತೋ ಇಲ್ವೋ ನನಗೆ ಗೊತ್ತಿಲ್ಲ ಮಾರಾಯ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ, ಒಂದು ಸಲ ಹೇಳ್ಲಿಕ್ಕೆ ಹೋಗಿ ಸಾಕಾಗಿದೆ.

ನಾನು ಆ ಶಾಲೆಗೆ ಸೇರುವಾಗ ನನಗೆ ಇಪ್ಪತ್ತು. ಅಲ್ಲ, ಇಪ್ಪತ್ತೂ ತುಂಬಿರ್ಲಿಲ್ಲ, ತುಂಬಿದ್ದು ಮತ್ತೆ ದಸರೆಗೆ. ಕುಂಬ್ಡಾಜೆ ಕಡೆಯ ಒಂದು ಶಾಲೆ, ಹೆಸರು ಬೇಡ, ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ. ನನ್ನ ಅಪ್ಪ ಆ ವರ್ಷವೇ ತೀರಿಹೋದದ್ದು. ಮನೆಯಲ್ಲಿ ಅಮ್ಮ, ಇಬ್ಬರು ತಮ್ಮಂದಿರು. ಒಬ್ಬರು ಟೀಚರು ಹೆರಿಗೆ ರಜೆಯಲ್ಲಿ ಹೋಗಿದ್ರು, ಅವರ ಜಾಗಕ್ಕೆ ನಾನು, ಮಾರ್ಚ್ ಕೊನೆಯವರೆಗೆ. ಅವರು ಗಂಡನ ಊರಿಗೆ ಹೋಗ್ತಾರೆ, ಮತ್ತೆ ಬರ್ಲಿಕ್ಕಿಲ್ಲ ಅಂತ ಸುದ್ದಿ ಇತ್ತು. ಹಾಗೆ ಆದ್ರೆ ಜೂನಿಗೆ ಆ ಪೋಸ್ಟು ಖಾಲಿ, ಅದನ್ನು ಯಾರಿಗೆ ಕೊಡುವುದು ಅಂತ ಹೇಳುವವರು ಶಾಲೆಯ ಮೇನೇಜರು, ಅದೇ ಅರಸನ ಬೀಡಿನ ಯಜಮಾನ್ರು. ಅವರ ಒಂದು ಸಹಿ ನಮ್ಮ ಮನೆಯ ನಾಲ್ಕು ಜನರ ಅನ್ನ. ಅನ್ನ ಅಂತ ಬಾಯಲ್ಲಿ ಹೇಳುವುದು, ಆ ಕಾಲದಲ್ಲಿ ಅನ್ನ ಎಲ್ಲಿತ್ತು? ರೇಷನ್ ಅಂಗಡಿಗೆ ಅಕ್ಕಿ ಬರ್ತಿರ್ಲಿಲ್ಲ, ಗೋಧಿ ಕೊಡ್ತಿದ್ರು. ಗೋಧಿಯಲ್ಲಿ ಎಂತ ಮಾಡುವುದು ಅಂತ ನಮ್ಮಮ್ಮನಿಗೆ ಗೊತ್ತಿಲ್ಲ, ಅಕ್ಕಿಯ ಹಾಗೆ ತೊಳೆದು ಒಲೆಯ ಮೇಲಿಟ್ಟು ಗಂಜಿ ಬಸಿಯುವಾ ಅಂತ ಕೂತ್ರು, ಸಂಜೆಯಾದ್ರೂ ಬೇಯ್ಲಿಲ್ಲ. ತಮ್ಮ ಬಂದು ಬಂದು ಮುಚ್ಚಳ ತೆಗೆದು ನೋಡುವುದು, “ಅಮ್ಮಾ, ಕಲ್ಲು ಹಾಕಿದ್ದೀರಾ?” ಅಂತ. ಮರಗೆಣಸು, ಹಲಸಿನ ಬೇಳೆ, ಅದರಲ್ಲೇ ದಿನ ಹೋದದ್ದು. ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನ ಉಪ್ಪಿಟ್ಟು ಇತ್ತು. ಅದನ್ನು ಮಾಡ್ತಿದ್ದದ್ದು ಕುಂಞಮ್ಮಜ್ಜಿ. ಉಳಿದ್ರೆ ಉಪ್ಪಳಿಗೆ ಎಲೆಯಲ್ಲಿ ಕಟ್ಟಿ, ಯಾರಿಗೂ ಕಾಣದ ಹಾಗೆ ನನ್ನ ಕೊಡೆಯೊಳಗೆ ಇಡ್ತಿದ್ರು. ನಾನು ಬೇಡ ಅನ್ನುವುದು, ಅವರು “ನೀವು ಮಾತಾಡ್ಬೇಡಿ ಟೀಚರೇ, ಕೊಡೆ ಮಾತ್ರ ಜಾಗ್ರತೆ, ಮಳೆ ಬಂತು ಅಂತ ಬಿಡಿಸಿಬಿಡ್ಬೇಡಿ” ಅನ್ನುವುದು.

ಜನವರಿಯಲ್ಲಿ ಒಂದು ದಿನ ಮೇನೇಜರು ಶಾಲೆಗೆ ಬಂದ್ರು. ಎತ್ತರದ ಜನ, ಬಿಳಿ ಮುಂಡಾಸು ಇಲ್ಲದೆ ಹೊರಗೆ ಹೊರಡ್ತಿರ್ಲಿಲ್ಲ. “ಟೀಚರೇ, ನಿಮಗೆ ಛಂದಸ್ಸು ಗೊತ್ತುಂಟಂತೆ?” ಅಂತ ಕೇಳಿದ್ರು. ಸ್ವಲ್ಪ ಗೊತ್ತುಂಟು ಅಂದೆ. “ವಾರ್ಷಿಕೋತ್ಸವಕ್ಕೆ ತಾಳಮದ್ದಳೆ ಮಾಡುವಾ. ಪುರಾಣ ಬೇಡ. ನಮ್ಮ ಹಿರಿಯರು ಇಕ್ಕೇರಿಯವರ ಎದುರು ಕಾದಾಡಿ ಇದೇ ಗುಡ್ಡೆಯಲ್ಲಿ ಸತ್ತದ್ದು, ಆ ಕಥೆಯ ಪ್ರಸಂಗ ನೀವು ಬರಿಯಿರಿ. ಅರ್ಥ ನಾನು ಹೇಳ್ತೇನೆ.” ಹೋಗ್ತಾ ಬಾಗಿಲಲ್ಲಿ ನಿಂತು, “ಚಂದ ಆದ್ರೆ ಜೂನಿನದ್ದು ನಾವು ನೋಡುವಾ” ಅಂದ್ರು. ತಾಳಮದ್ದಳೆ ನಿಮಗೆ ಗೊತ್ತುಂಟಲ್ಲ, ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹಾಡುವುದು, ಅರ್ಥಧಾರಿಗಳು ಕೂತಲ್ಲೇ ಮಾತಾಡುವುದು. ಬರೆದಿರುವುದು ಪದ್ಯ ಮಾತ್ರ, ಮಾತು ಅವರವರ ತಲೆಯಿಂದ ಆ ಹೊತ್ತಿಗೆ ಬರ್ಬೇಕು. ಇದನ್ನು ನೆನಪಿಟ್ಕೊಳ್ಳಿ.

ನಾನು ಖುಷಿಯಲ್ಲಿ ಬರಿಲಿಕ್ಕೆ ಕೂತೆ. ಕೂತ್ರೆ ಪೆನ್ನು ಹೋಗುವುದಿಲ್ಲ. ಎಷ್ಟು ದಿನ ಕಾದಾಟ ಆಯ್ತು? ಅವ ಎಲ್ಲಿ ಬಿದ್ದ? ಯಾರು ಹೊತ್ತರು? ಮೇನೇಜರನ್ನು ಕೇಳಿದ್ರೆ “ಘನಘೋರ ಯುದ್ಧ ಟೀಚರೇ” ಅಂತ ಮಾತ್ರ. ಶನಿವಾರ ಒಬ್ಬಳೇ ಗುಡ್ಡೆ ಹತ್ತಿದೆ. ಸುತ್ತ ಅಗಳು ಇತ್ತು, ಕೋಟೆಯ ಸುತ್ತ ತೋಡಿದ ಹಳ್ಳ, ಅದರಲ್ಲಿ ಸೊಂಟದವರೆಗೆ ಜರಿಗಿಡ. ಕೋಲಲ್ಲಿ ಕೆದಕಿ ಕೆದಕಿ ನೋಡಿದೆ, ಬಾಣದ ಮೊನೆ ಇಲ್ಲ, ತುಕ್ಕಿನ ತುಂಡೂ ಇಲ್ಲ. ಅದು ಹೋಗ್ಲಿ, ಸಿಗ್ಲಿಕ್ಕಿಲ್ಲ ಅಂತಿಟ್ಕೊಳ್ಳುವಾ. ನನಗೆ ವಿಚಿತ್ರ ಕಂಡದ್ದು ಬೇರೆ. ನಮ್ಮ ಊರಲ್ಲಿ ಕಾದಾಡಿ ಸತ್ತವನನ್ನು ಹಾಗೇ ಸುಮ್ಮನೆ ಬಿಡ್ತಾರಾ? ಅವ ದೈವ ಆಗ್ತಾನೆ, ಒಂದು ಕಲ್ಲು ಹಾಕ್ತಾರೆ, ವರ್ಷಕ್ಕೊಂದು ಕೋಲ ಕೊಡ್ತಾರೆ, ಅವನ ಕಥೆಯನ್ನು ತುಳುವಿನಲ್ಲಿ ಹಾಡ್ತಾರೆ. ಜಗಳದಲ್ಲಿ ಸತ್ತ ಆಳಿಗೂ ಕಲ್ಲುಂಟು. ಈ ಅರಸನಿಗೆ ಮಾತ್ರ ಕಲ್ಲಿಲ್ಲ, ಕೋಲ ಇಲ್ಲ, ಹಾಡಿಲ್ಲ. ಹಾಗಾದ್ರೆ ಅವ ಎಲ್ಲಿ ಹೋದ?

ಕುಂಞಮ್ಮಜ್ಜಿಯನ್ನು ಕೇಳಿದೆ. ಅವರ ಮನೆಯವರು ತಲೆತಲಾಂತರದಿಂದ ಬೀಡಿನಲ್ಲಿ ಭತ್ತ ಅಳೆಯುವವರು. ಉಪ್ಪಿಟ್ಟಿನ ಪಾತ್ರೆ ತಿಕ್ಕುತ್ತಿದ್ದವರು ಸುತ್ತ ನೋಡಿದ್ರು. “ಪತ್ತನಾಜೆಗೆ ಬೀಡಿನಲ್ಲಿ ಎಂತ ಮಾಡ್ತಾರೆ, ನೋಡಿದ್ದೀರಾ?” ಪತ್ತನಾಜೆ ಅಂದ್ರೆ ಗೊತ್ತುಂಟಲ್ಲ, ಬೇಸಗೆ ಮುಗಿದು ಬೇಸಾಯಕ್ಕೆ ಇಳಿಯುವ ದಿನ. ನಾನು ನೋಡಿರ್ಲಿಲ್ಲ. “ಯಜಮಾನ್ರು ಹೆಬ್ಬಾಗಿಲು ತೆಗೆದು ನಿಲ್ತಾರೆ, ಗದ್ದೆ ಮಾಡುವ ಒಂದೊಂದು ಮನೆಗೂ ಒಂದೊಂದು ಸೇರು ಬಿತ್ತಿನ ಭತ್ತ ಕೊಡ್ತಾರೆ. ಆಗ ಅವರ ತಲೆಯಲ್ಲಿ ಮುಂಡಾಸು ಇಲ್ಲ.” ಅದು ಭೂಮಿತಾಯಿಗೆ ಗೌರವಕ್ಕೆ ಇರ್ಬಹುದು ಅಂದೆ ನಾನು, ಟೀಚರಲ್ವಾ. ಅಜ್ಜಿ ನಕ್ಕರು. “ಗೌರವಕ್ಕೆ ಮುಂಡಾಸು ಕಟ್ಟುವುದು, ತೆಗಿಯುವುದಾ? ನನ್ನ ಅತ್ತೆ ಹೇಳಿದ್ದು ಕೇಳಿ. ಕಾದಾಟ ಆಗ್ಲೇ ಇಲ್ಲ. ದಂಡು ಸುತ್ತ ಕೂತಿತು. ಒಳಗೆ ಅಕ್ಕಿ ಮುಗೀತಾ ಬಂತು, ಇನ್ನು ಉಳಿದದ್ದು ಮುಂದಿನ ಬೆಳೆಗೆ ಇಟ್ಟ ಬಿತ್ತು. ಆಗ ಅರಸ ಬಾಗಿಲು ತೆಗೆದು, ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದು ಹೊರಗೆ ಬಂದ. ನಮ್ಮ ಬಿತ್ತು ಮುಟ್ಟಬೇಡಿ, ಮತ್ತೆ ಎಂತ ಬೇಕಾದ್ರೂ ತೆಗೊಳ್ಳಿ ಅಂದ. ಅದರ ನೆಂಪು ಟೀಚರೇ, ಆ ಒಂದು ಸೇರು.” ಆಮೇಲೆ ಪಾತ್ರೆ ಕವುಚಿ ಹಾಕಿ, “ನಾನು ಹೇಳಿದ್ದು ಅಂತ ಹೇಳ್ಬೇಡಿ, ನನ್ನ ಒಲೆ ಆರ್ತದೆ” ಅಂದ್ರು.

ನನಗೆ ಆ ದಿನ ಮೈ ಜುಂ ಅಂತು. ಇಷ್ಟು ದೊಡ್ಡ ಕಥೆ ಒಂದು ಸೇರಿನೊಳಗೆ ಕೂತಿದೆಯಲ್ಲ ಅಂತ. ಆದ್ರೆ ನಾನು ಬರೆದದ್ದು ಎಂತ ಅಂತ ಕೇಳಿ. ಯುದ್ಧವನ್ನೇ ಬರೆದೆ. ಮೊದಲು ರಾಯಭಾರಿ ಬರುವುದು, ಸಂಧಾನ ಮುರಿಯುವುದು, ಮತ್ತೆ ಹನ್ನೊಂದು ಪದ್ಯ ಬರೀ ಯುದ್ಧ, ರುಂಡ ಹಾರುವುದು, ರಕ್ತ ಹರಿಯುವುದು, ಕಡೆಗೆ ಅರಸ ಖಡ್ಗ ಹಿಡಿದು ಬೀಳುವುದು. ಮೇನೇಜರು ಓದಿ ಕಣ್ಣು ಒರೆಸಿಕೊಂಡ್ರು. ನನಗೆ ಮಾತ್ರ ನೋಟ್‌ಬುಕ್ಕಿನಲ್ಲಿ ತಪ್ಪು ಲೆಕ್ಕಕ್ಕೆ ಸರಿ ಹಾಕಿದ ಹಾಗೆ ಆಯ್ತು. ಅಮ್ಮನ ಮುಖ ನೆನಪು ಮಾಡಿಕೊಂಡೆ, ಪುಸ್ತಕ ಅವರ ಕೈಯಲ್ಲೇ ಬಿಟ್ಟು ಬಂದೆ. ಈ ವಿಷಯ ಒಬ್ಬರಿಗೇ ಹೇಳಿದ್ದು. ಶಾಲೆಯಲ್ಲಿ ಲೆಕ್ಕ ಪಾಠ ಮಾಡುವ ಒಬ್ಬರು ಮಾಷ್ಟ್ರು ಇದ್ರು, ಸಂಜೆ ತೋಡಿನ ಮೇಲಿನ ಮರದ ಸಂಕ ದಾಟುವವರೆಗೆ ನಮಗೆ ಒಂದೇ ದಾರಿ. ಮುಂದೆ ಅವರು, ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಾನು, ಆಗ ಹಾಗೇ ನಡೆಯುವುದು. ಎಲ್ಲ ಕೇಳಿ ಅವರು “ಹೂಂ” ಅಂದ್ರು, ಅಷ್ಟೇ. ಸಂಕ ದಾಟಿ ಆಚೆ ಹೋದ್ರು. ಹೌದು ಕಿಟ್ಟು, ಅದೇ ನಿಮ್ಮ ಅಜ್ಜ. ಆಗ ಅಜ್ಜ ಆಗಿರ್ಲಿಲ್ಲ.

ವಾರ್ಷಿಕೋತ್ಸವ ಒಂದು ಆದಿತ್ಯವಾರ, ಮಧ್ಯಾಹ್ನ ಎರಡು ಗಂಟೆಗೆ. ಶಾಲೆಯ ಜಗಲಿಯಲ್ಲಿ, ಅಂಗಳದಲ್ಲಿ ಎಲ್ಲ ಜನ. ಅರಸನ ಅರ್ಥ ಮೇನೇಜರದ್ದು. ಇಕ್ಕೇರಿಯ ರಾಯಭಾರಿಯಾಗಿ ಬರಬೇಕಾದವರಿಗೆ ಜ್ವರ ಬಂತು, ಹಾಗಾಗಿ ನಿಮ್ಮ ಅಜ್ಜನನ್ನು ಕೂರಿಸಿದ್ರು. ಭಾಗವತರು ಪದ್ಯ ಎತ್ತಿದ್ರು, ಮೇನೇಜರು ಶುರು ಮಾಡಿದ್ರು. ಎಂಥ ಮಾತು! “ಎಲೈ ರಾಯಭಾರಿಯೇ, ಘಟ್ಟದ ಮೇಲಿನ ನಿನ್ನ ಒಡೆಯನಿಗೆ ಸಮುದ್ರದ ಗಾಳಿ ತಲೆಗೇರಿದೆಯೇ? ಈ ಕೋಟೆಯ ಒಂದು ಹಿಡಿ ಮಣ್ಣೂ ಅವನಿಗಿಲ್ಲ!” ಜನ ಚಪ್ಪಾಳೆ. ಅಜ್ಜ ಎದ್ದು ಬೊಬ್ಬೆ ಹೊಡಿಲಿಲ್ಲ, ಕ್ಲಾಸಿನಲ್ಲಿ ಕೇಳುವ ಹಾಗೆ ಮೆಲ್ಲ ಕೇಳಿದ್ರು. “ದೊರೆಯೇ, ತಮ್ಮ ಕೋಟೆಯೊಳಗೆ ಮಂದಿ ಎಷ್ಟು?” “ಮುನ್ನೂರು! ಒಬ್ಬೊಬ್ಬನೂ ಹುಲಿ!” “ಸಂತೋಷ. ಹುಲಿಗಳು ಊಟಕ್ಕೆ ಎಂತ ಮಾಡ್ತವೆ?” ಜನ ನಕ್ಕರು. ಮೇನೇಜರೂ ನಕ್ಕರು, “ನನ್ನ ಕಣಜದಲ್ಲಿ ನೂರು ಮುಡಿ ಅಕ್ಕಿ ಉಂಟಯ್ಯಾ!” ಅಂದ್ರು. ಅಜ್ಜ ಬೆರಳು ಮಡಚಿದ್ರು. “ಮುಡಿಗೆ ನಲ್ವತ್ತು ಸೇರು ಅಂತ ಹಿಡಿದ್ರೆ ನಾಲ್ಕು ಸಾವಿರ ಸೇರು. ಒಬ್ಬನಿಗೆ ದಿನಕ್ಕೆ ಅರ್ಧ ಸೇರು, ಮುನ್ನೂರು ಮಂದಿಗೆ ನೂರೈವತ್ತು. ಇಪ್ಪತ್ತಾರು ದಿನಕ್ಕೆ ಮೂರು ಸಾವಿರದ ಒಂಬೈನೂರು ಹೋಯ್ತು. ಉಳಿದದ್ದು ನೂರು ಸೇರು. ಇಪ್ಪತ್ತೇಳನೇ ದಿನ ಬೆಳಗ್ಗೆ ಉಣ್ಬಹುದು, ಮಧ್ಯಾಹ್ನ ಉಣ್ಬಹುದು, ರಾತ್ರಿಗೆ ಇಲ್ಲ. ನಮ್ಮ ದಂಡು ಮಳೆ ಬರುವವರೆಗೆ ಇಲ್ಲಿಯೇ ಕೂರ್ತದೆ ದೊರೆಯೇ. ಆ ರಾತ್ರಿಗೆ ಎಂತ ಮಾಡುವುದು?”

ಅಂಗಳದಲ್ಲಿ ಒಬ್ಬನೂ ನಗ್ಲಿಲ್ಲ. ನಗುವುದು ಹೇಗೆ? ಅಲ್ಲಿ ಕೂತವರ ಮನೆಯಲ್ಲೆಲ್ಲ ಆ ರಾತ್ರಿಗೆ ಎಂತ ಮಾಡುವುದು ಅಂತಲೇ ಆಗಿತ್ತು. ಮೇನೇಜರಿಗೆ ಬಿಡ್ಲಿಕ್ಕೆ ಮನಸ್ಸಿಲ್ಲ. ತಾಳಮದ್ದಳೆಯಲ್ಲಿ ಕೇಳಿದ್ದಕ್ಕೆ ಉತ್ತರ ಇಲ್ಲ ಅಂತ ಕೂತ್ರೆ ಮರ್ಯಾದೆ ಹೋಯ್ತು. ತೊಡೆ ತಟ್ಟಿ, “ಆ ರಾತ್ರಿಗೆ ಬಿತ್ತಿನ ಭತ್ತ ಉಂಟು! ಅದನ್ನು ಕುಟ್ಟಿ ಉಣ್ತೇವೆ, ಉಂಡು ಕಾದಾಡ್ತೇವೆ!” ಅಂದುಬಿಟ್ರು.

ಮಕ್ಕಳೇ, ನಿಮಗೆ ಅದು ಎಂತದ್ದೂ ಅನ್ನಿಸ್ಲಿಕ್ಕಿಲ್ಲ. ಅಲ್ಲಿದ್ದವರೆಲ್ಲ ಗದ್ದೆ ಮಾಡುವವರು. ಮನೆಯಲ್ಲಿ ಮಕ್ಕಳು ಹಸಿದು ಅತ್ರೂ ಬಿತ್ತಿನ ಮುಡಿಗೆ ಕೈ ಹಾಕದವರು. ಎಲ್ಲಿಂದಲೋ ಕುಂಞಮ್ಮಜ್ಜಿಯ ಸ್ವರ, “ಅಯ್ಯೋ ದೇವರೇ! ಬಿತ್ತು ತಿಂಬುದಾ ಯಜಮಾನ್ರೇ?” ಮೇನೇಜರು ಸ್ವರ ಬಂದ ಕಡೆ ತಿರುಗಿದ್ರು. ಭಾಗವತರು ಪಾಪ, ಗಡಿಬಿಡಿಯಲ್ಲಿ ಯುದ್ಧದ ಮೊದಲ ಪದ್ಯ ಎತ್ತಿದ್ರು, ಮದ್ದಳೆಯವ ಇಷ್ಟು ಹೊತ್ತು ಅದಕ್ಕೇ ಕಾದು ಕೂತವ, ಧಡ ಧಡ ಬಾರಿಸಿದ. ಮೇನೇಜರು ಕೈ ಎತ್ತಿ ನಿಲ್ಲಿಸಿದ್ರು. ಅರ್ಥಧಾರಿ ಭಾಗವತರನ್ನು ನಿಲ್ಲಿಸುವುದು ಅಂತ ಇಲ್ಲ, ನಾನು ಅದೊಂದೇ ಸಲ ನೋಡಿದ್ದು. ಆಮೇಲೆ ಮುಂಡಾಸು ಬಿಚ್ಚಿ ತೊಡೆಯ ಮೇಲಿಟ್ಟರು. “ರಾಯಭಾರಿ, ನಿನ್ನ ಒಡೆಯನಿಗೆ ಹೇಳು. ಬಾಗಿಲು ತೆಗಿತೇನೆ. ಕಪ್ಪ ಕೊಡ್ತೇನೆ. ನನ್ನ ಜನರ ಬಿತ್ತಿಗೆ ನಿಮ್ಮವರು ಕೈ ಹಾಕ್ಲಿಕ್ಕಿಲ್ಲ. ಅಷ್ಟು ಮಾತು ಕೊಡು.” ಅಜ್ಜ ಎದ್ದು ನಿಂತು ಕೈ ಮುಗಿದು, “ಕೊಟ್ಟೆ” ಅಂದ್ರು. ಭಾಗವತರು ನನ್ನ ಹನ್ನೊಂದು ಪದ್ಯ ಮಗುಚಿ ಹಾಕಿ ಸೀದಾ ಮಂಗಳ ಹಾಡಿದ್ರು. ಮದ್ದಳೆಯವನಿಗೆ ಭಾರೀ ಬೇಜಾರು, “ಇದೆಂಥ ಯುದ್ಧ ಮಾರಾಯ್ರೇ, ಕೈ ಬಿಸಿಯಾಗುವ ಮೊದಲೇ ಮುಗೀತಲ್ಲ” ಅಂತ.

ಮರುದಿನ ಬೆಳಗ್ಗೆ ಬೀಡಿಗೆ ಕರೆ ಬಂತು, ನನಗೂ ನಿಮ್ಮ ಅಜ್ಜನಿಗೂ. ಅವರ ಪೋಸ್ಟು ಪರ್ಮನೆಂಟು, ನನ್ನದು ಮಾರ್ಚಿಗೆ ಮುಗಿಯುವುದು, ಅದೂ ಅಲ್ಲಿಯವರೆಗೆ ಇಟ್ಟರೆ. ಮೇನೇಜರು ಚಾವಡಿಯಲ್ಲಿ ಕೂತಿದ್ರು. “ಅಕ್ಕಿಯ ಪ್ರಶ್ನೆ ಯಾರದ್ದು?” ಅಂದ್ರು. ನನಗೆ ಗೊತ್ತಿಲ್ಲ ಅಂದಿದ್ರೆ ಮುಗೀತಿತ್ತು, ಹೌದಲ್ಲ, ನನಗೆ ನಿಜವಾಗಿ ಗೊತ್ತೂ ಇರ್ಲಿಲ್ಲ. ಅಜ್ಜ ಮುಂದೆ ಬಂದು “ಲೆಕ್ಕ ನನ್ನದು ಯಜಮಾನ್ರೇ” ಅಂದ್ರು. ಆಗ ನನ್ನ ಬಾಯಿ ತಾನಾಗಿ ಬಿಟ್ಟಿತು. “ಕಥೆ ಹುಡುಕಿದ್ದು ನಾನು. ಕಾದಾಟ ಆಗ್ಲಿಲ್ಲ ಅಂತ ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಆಯ್ತು ಅಂತ ಬರೆದೆ, ಕೆಲಸ ಬೇಕಿತ್ತು. ತಪ್ಪು ನನ್ನದು.” “ನಿಮಗೆ ಯಾರು ಹೇಳಿದ್ದು?” “ಅದೊಂದು ಕೇಳ್ಬೇಡಿ.” ಅವರು ಮೂಗಿನಲ್ಲೇ ನಕ್ಕರು. “ಉಪ್ಪಿಟ್ಟಿನ ಪಾತ್ರೆ ತೊಳೆಯುವಾಗ ಹೇಳಿರ್ಬೇಕು. ಅವಳ ಒಲೆಗೆ ಎಂತದೂ ಆಗುವುದಿಲ್ಲ, ಹೆದರ್ಬೇಡಿ.”

ಆಮೇಲೆ ಅವರೇ ಹೇಳಿದ್ರು, “ಸಣ್ಣವನಿರುವಾಗ ಅಪ್ಪನನ್ನು ಕೇಳಿದ್ದೆ ಟೀಚರೇ, ಪತ್ತನಾಜೆಗೆ ಮುಂಡಾಸು ಯಾಕೆ ತೆಗಿತೀರಿ ಅಂತ. ಕಪಾಳಕ್ಕೆ ಒಂದು ಕೊಟ್ರು. ಮತ್ತೆ ನಾನು ಕೇಳ್ಲಿಲ್ಲ, ಅವರಿಗೆ ಗೊತ್ತಿತ್ತೋ ಇಲ್ವೋ. ಸೋತದ್ದು ಮರ್ಯಾದೆ ಅಲ್ಲ ಅಂತ ಮುಚ್ಚಿದ್ದಿರ್ಬೇಕು. ನಿನ್ನೆ ಬಿತ್ತು ತಿಂತೇವೆ ಅಂತ ಊರಿನವರ ಎದುರು ನನ್ನ ಬಾಯಲ್ಲಿ ಬಂತಲ್ಲ, ಮನೆಯ ಹೆಂಗಸರು ರಾತ್ರಿಯಿಂದ ನನ್ನ ಹತ್ರ ಮಾತಾಡುವುದಿಲ್ಲ.” ಅಜ್ಜನಿಗೆ ನಗು ಬಂತು, ಕೆಮ್ಮಿದ ಹಾಗೆ ಮಾಡಿದ್ರು. ಮೇನೇಜರು ನನ್ನ ಪ್ರಸಂಗದ ಪುಸ್ತಕ ವಾಪಸು ಕೊಟ್ರು. “ಆ ಹನ್ನೊಂದು ಪದ್ಯ ಹರಿದು ಹಾಕಿ. ಗೊತ್ತಿರುವುದನ್ನು ಬರೆದು ತನ್ನಿ. ಜೂನ್ ಒಂದಕ್ಕೆ ತಂದ್ರೆ ಸಾಕು, ಹೇಗೂ ಆ ದಿನ ನೀವು ಶಾಲೆಗೆ ಬರ್ಬೇಕಲ್ಲ.” ಅದು ಕೆಲಸ ಕೊಟ್ಟದ್ದು ಅಂತ ನನಗೆ ಅರ್ಥ ಆಗ್ಲಿಕ್ಕೆ ಎರಡು ಮೆಟ್ಟಿಲು ಇಳಿಬೇಕಾಯ್ತು. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಒಲೆಗೆ ಇನ್ನೊಂದು ಕೊಳ್ಳಿ ದೂಡಿದ್ರು. ಅನಘಾ, ನೀನು ಹೀಗೆ ಬರಿ, ‘ಬಿತ್ತಿನ ಭತ್ತ ಉಳಿಸಲು ಅರಸನು ಬಾಗಿಲು ತೆಗೆದನೆಂದು ಊರಿನ ಹಿರಿಯರು ಹೇಳುತ್ತಾರೆ.’ ‘ಹೇಳುತ್ತಾರೆ’ ಅನ್ನುವುದನ್ನು ಬಿಡ್ಬೇಡ. ದಾಖಲೆ ಇಲ್ಲ, ಕುಂಞಮ್ಮಜ್ಜಿಯ ಅತ್ತೆ ಹೇಳಿದ್ದು ಮಾತ್ರ.

ಅದಿರ್ಲಿ, ನೀನು ಕೇಳಿದ್ದು ಒಳ್ಳೆ ಪ್ರಶ್ನೆ, ಅಜ್ಜ ಬೇಕೂಂತಲೇ ಅಕ್ಕಿ ಎಷ್ಟುಂಟು ಅಂತ ಕೇಳಿದ್ದಾ, ಅಥವಾ ಲೆಕ್ಕದ ಮಾಷ್ಟ್ರಿಗೆ ಬಾಯಿಗೆ ಬಂದದ್ದಾ? ನಾನು ಗೊತ್ತಿಲ್ಲದ್ದನ್ನು ಹೇಳುವುದಿಲ್ಲ ಅಂದೆನಲ್ಲ. ಆ ದಿನ ಬೀಡಿನಿಂದ ಇಳಿಯುವಾಗಲೇ ಕೇಳುವಾ ಅಂತ ಕಂಡಿತ್ತು. ಬೇಕೂಂತಲೇ ಅಂದ್ರೆ, ನನ್ನ ಮನೆಯ ಅನ್ನವನ್ನು ಪಂದ್ಯಕ್ಕಿಟ್ಟಿರಾ ಅಂತ ಜಗಳ ಮಾಡ್ಬೇಕಾಗ್ತದೆ. ಅಲ್ಲ ಅಂದ್ರೆ, ಯಾಕೋ ಗೊತ್ತಿಲ್ಲ, ನನಗೆ ಬೇಜಾರಾಗ್ತದೆ. ಹಾಗಾಗಿ ಮತ್ತೆ ಕೇಳುವಾ ಅಂತ ಬಿಟ್ಟೆ. ಎರಡು ವರ್ಷ ಬಿಟ್ಟು ಮದುವೆ ಆಯ್ತು, ನಿಮ್ಮ ಅಪ್ಪ ಹುಟ್ಟಿದ, ಇಬ್ಬರೂ ರಿಟೈರಾದೆವು, ದಿನಾ ಇದೇ ಚಿಟ್ಟೆಯಲ್ಲಿ, ಜಗಲಿಯ ಈ ಕಟ್ಟೆಯಲ್ಲಿ, ಒಟ್ಟಿಗೆ ಕೂತೆವು. ಯಾವತ್ತು ಬೇಕಾದ್ರೂ ಕೇಳ್ಬಹುದಿತ್ತಲ್ಲ, ಅದಕ್ಕೇ ಕೇಳ್ಲಿಲ್ಲ. ಹೋದ ಆಟಿ ತಿಂಗಳಲ್ಲಿ ಅವರು ಆಸ್ಪತ್ರೆಯಲ್ಲಿದ್ದಾಗ ನೆನಪಾಯ್ತು. ಬಾಯಿ ತೆಗೆದೆ. ನರ್ಸಮ್ಮ, “ಅಜ್ಜಿ, ಅವರನ್ನು ಮಾತಾಡಿಸ್ಬೇಡಿ, ಆಯಾಸ ಆಗ್ತದೆ” ಅಂದ್ಲು. ಆಯ್ತು, ನಾಳೆ ಕೇಳ್ತೇನೆ ಅಂದೆ.

ಏನಾದ್ರೂ ಕೇಳುವುದಿದ್ರೆ ಅನ್ನ ಬಿಸಿ ಇರುವಾಗಲೇ ಕೇಳಿಬಿಡ್ಬೇಕು ಮಕ್ಕಳೇ.